ಕೈಯಲ್ಲೇ ಉಳಿದ ತಡೆ

ನಾನು ಒಂದು ಕಾರ್ಡು. ಇಸ್ಪೀಟಿನ ರಾಜ-ರಾಣಿಯರ ವಂಶದವನೆಂದು ತಿಳಿಯಬೇಡಿ. ನಾನು 'ಕೋಟೆಗಾಳಗ' ಎಂಬ ಆಟದವನು. ಅದರಲ್ಲಿ ಪ್ರತಿಯೊಬ್ಬರೂ ಕಾರ್ಡು ಕೊಂಡು, ಬದಲಾಯಿಸಿಕೊಂಡು, ತಮ್ಮದೇ ಒಂದು ಡೆಕ್, ಅಂದರೆ ಆಡುವ ಕಾರ್ಡುಗಳ ಕಟ್ಟು, ಮಾಡಿಕೊಳ್ಳುತ್ತಾರೆ. ದೊಡ್ಡ ಹಾಳೆಯೊಂದರ ಮೇಲೆ ಒಡಹುಟ್ಟಿದವರ ಜೊತೆ ಅಚ್ಚಾದೆ. ಆಮೇಲೆ ಕತ್ತರಿಸಿದರು, ಮೂಲೆ ದುಂಡಗೆ ಮಾಡಿದರು, ಹತ್ತು ಮಂದಿಯನ್ನು ಒಂದು ಪ್ಯಾಕೆಟ್ಟಿಗೆ ತುರುಕಿದರು. ಪಕ್ಕದವನಿಗೆ ಉರಿಯುವ ಕುದುರೆಯ ಚಿತ್ರ. ನನಗೆ ಎತ್ತಿದ ಒಂದು ಅಂಗೈ, ಅದರ ಕೆಳಗೆ ಬರಹ: 'ತಡೆ. ಎದುರಾಳಿ ಇಟ್ಟ ಒಂದು ಕಾರ್ಡನ್ನು ರದ್ದು ಮಾಡು.' ಯಾರು ಏನು ಮಾಡಹೊರಟರೂ ಇದರಲ್ಲೇನೋ ಇದೆ ಎಂದು ಅನುಮಾನಿಸುವುದೇ ನನ್ನ ಹುಟ್ಟುಗುಣ.

ಪ್ಯಾಕೆಟ್ ಒಡೆದವನು ಹುಬ್ಬಳ್ಳಿಯ ಶ್ರೀಪಾದ. ಔಷಧಿ ಕಂಪನಿಯ ಸೇಲ್ಸ್‌ಮನ್, ಮಾತಿನ ಮಲ್ಲ. ಅವನದು ಕಾಂಬೋ ಡೆಕ್. ಕಮ್ಮಾರ, ಕುಲುಮೆ, ಕಿಡಿ ಈ ಮೂರು ಕಾರ್ಡು ಮೇಜಿನ ಮೇಲೆ ಕೂಡಿದವೆಂದರೆ ಎದುರಾಳಿಯ ಕೋಟೆ ಒಂದೇ ಏಟಿಗೆ ಭಸ್ಮ. ನಾಲ್ಕನೇ ಸುತ್ತಿಗೆಲ್ಲ ಆಟ ಮುಗಿಸಿ ಚಹಾ ಕುಡಿಯಲು ಏಳುವ ಅವಸರದವನಿಗೆ ನನ್ನಂಥ ಕಾಯುವ ಕಾರ್ಡು ಯಾತಕ್ಕೆ? ಮುಖ ಸಿಂಡರಿಸಿ ಅತ್ತಿಗೆಯ ಮುಂದೆ ಹಾಕಿದ.

"ವೈನಿ, ಇದು ನಿಮ್ಮ ಸ್ವಭಾವಕ್ಕ ಹೊಂದತದ. ಇಟ್ಕೋರಿ."

"ಯಾಕಪಾ, ಪುಕಟ್ಟೆ ಕೊಡ್ಲಿಕತ್ತೀಯಲ್ಲ? ಏನ್ ಐಬು ಅದ ಇದಕ್ಕ?" ಎಂದಳು ಇಂದುಮತಿ. ನನ್ನನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಹಾ, ನನ್ನವಳು ಸಿಕ್ಕಳು ಎಂದುಕೊಂಡೆ.

ಇಂದುಮತಿ ರೈಲಿನಲ್ಲಿ ಟಿಕೆಟ್ ಪರೀಕ್ಷಿಸುವವಳು. ಇಪ್ಪತ್ತು ವರ್ಷ ಪ್ರಯಾಣಿಕರ ಕಟ್ಟುಕತೆ ಕೇಳಿ ಕೇಳಿ, ಹಲ್ಲಿ ಲೊಚಗುಟ್ಟಿದರೂ ಯಾಕೆ ಎಂದು ಕೇಳುವಂತಾಗಿದ್ದಳು. ಅವಳದು ಕಂಟ್ರೋಲ್ ಡೆಕ್. ತಾನು ಏನೂ ಮಾಡುವುದಿಲ್ಲ, ಎದುರಿನವನಿಗೂ ಮಾಡಗೊಡುವುದಿಲ್ಲ. ಅವನು ಸುಸ್ತಾಗಿ ಕೈ ಬರಿದು ಮಾಡಿಕೊಂಡ ಮೇಲೆ ಮೆಲ್ಲಗೆ ಗೆಲ್ಲುವುದು.

ನಮ್ಮ ಆಟದಲ್ಲೊಂದು ಪದ್ಧತಿ ಇದೆ. ಕಾರ್ಡನ್ನು ಬೋರಲು ಇಟ್ಟು "ತಡೆ?" ಎಂದು ಕೇಳಬೇಕು. ಎದುರಿನವರು ಬಿಟ್ಟರೆ ಮಾತ್ರ ತಿರುಗಿಸಬೇಕು. ಅದು ಏನೆಂದು ಕಾಣದೆಯೇ ನಿರ್ಧರಿಸಬೇಕು. ಶ್ರೀಪಾದನಿಗೆ ಇದೇ ಹಬ್ಬ. ಯಾವುದೋ ಕೆಲಸಕ್ಕೆ ಬಾರದ ಕಾರ್ಡನ್ನು ಬೋರಲು ಹಾಕಿ, ಮುಖ ಗಂಭೀರ ಮಾಡಿ, "ವೈನಿ, ಇದ ಕಿಡಿ ನೋಡ್ರಿ. ಬಿಟ್ರ ಸತ್ರಿ" ಎನ್ನುತ್ತಿದ್ದ. ಅವಳು ತಡೆಯೆಂದು ನನ್ನನ್ನು ಎಸೆಯುತ್ತಿದ್ದಳು; ಒಮ್ಮೆ ಬಿದ್ದೆನೆಂದರೆ ಆ ಆಟಕ್ಕೆ ನಾನು ಮುಗಿದೆ. ಅವನು ಗಹಗಹಿಸಿ ಮುಂದಿನ ಸುತ್ತಿಗೆ ನಿಜವಾದ ಕಿಡಿ ಇಡುತ್ತಿದ್ದ. ಮನೆಯಲ್ಲಿ ಹೀಗೆ ನೂರು ಸಲ ಮೋಸಹೋದೆವು. ಅವನ ಬಾಯಿಂದ ಬಂದ ಯಾವ ಮಾತನ್ನೂ ನಂಬಬಾರದೆಂದು ನಾವಿಬ್ಬರೂ ಆಣೆ ಹಾಕಿಕೊಂಡೆವು.

ಆ ವರ್ಷ ಹುಬ್ಬಳ್ಳಿಯ ಪಂದ್ಯದಲ್ಲಿ ಗೆದ್ದ ಒಬ್ಬರಿಗೆ ಕೊಚ್ಚಿಯ ಅಖಿಲ ಭಾರತ ಪಂದ್ಯಕ್ಕೆ ಪ್ರವೇಶ ಇತ್ತು, ಹೋಗಿಬರುವ ಟಿಕೆಟ್ಟೂ ಇತ್ತು. ಶ್ರೀಪಾದ ಮೂರು ಸಲ ಹೋಗಿ ಬಂದಿದ್ದ. ಇಂದುಮತಿ ಇಪ್ಪತ್ತು ವರ್ಷ ಊರವರ ಟಿಕೆಟ್ ನೋಡಿದವಳೇ ಹೊರತು, ತನ್ನ ಖುಷಿಗೆಂದು ತನ್ನ ಹೆಸರಿನಲ್ಲಿ ಒಂದು ಪ್ರಯಾಣ ಮಾಡಿದವಳಲ್ಲ. ಹೋಗಲೇಬೇಕೆಂದು ಅವಳ ಜೀವ ತಹತಹಿಸುತ್ತಿತ್ತು. ಕೊನೆಯ ಪಂದ್ಯಕ್ಕೆ ಉಳಿದವರು ಯಾರು? ಅತ್ತಿಗೆ, ಮೈದುನ ಇಬ್ಬರೇ.

"ನನಗ ಬಿಟ್ಟುಕೊಟ್ಟಿ ಅಂದ್ರ ನಿನ್ನ ಜೋಡಿ ಮಾತು ಬಿಡ್ತೀನಿ ನೋಡು. ಗೆದ್ದ ಹೋಗಾಕಿ ನಾ," ಎಂದು ಕೂರುವ ಮೊದಲೇ ಗದರಿಸಿದಳು.

"ಆತ್ರಿ ವೈನಿ," ಎಂದ ಅವನು. ಅಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಸರಿಬರಲಿಲ್ಲ.

ಆಟ ಎಳೆಯಿತು. ನನ್ನ ಜೊತೆಯ ಮೂರು ತಡೆಗಳು ಒಂದೊಂದಾಗಿ ಖರ್ಚಾದವು. ಅವಳ ಕೈಯಲ್ಲಿ ಉಳಿದವನು ನಾನೊಬ್ಬನೇ. ಮೇಜಿನ ಮೇಲೆ ಕಮ್ಮಾರ ಇದ್ದ, ಕುಲುಮೆ ಇತ್ತು. ಶ್ರೀಪಾದನ ಕೈಯಲ್ಲಿ ಎರಡು ಕಾರ್ಡು. ಒಂದನ್ನು ತೆಗೆದು ನಿಧಾನವಾಗಿ ಬೋರಲು ಇಟ್ಟ.

"ವೈನಿ, ಇದ ಕಿಡಿ. ತಡೀರಿ."

ಅವಳು ಅವನ ಮುಖ ನೋಡಿದಳು. ಅವನು ನಗಲಿಲ್ಲ, ಹುಬ್ಬು ಹಾರಿಸಲಿಲ್ಲ. ಅವಳ ಬೆರಳು ನನ್ನನ್ನು ಅರ್ಧ ಮೇಲೆತ್ತಿತು. ಬೇಡ ತಾಯಿ, ನೂರು ಸಲ ಬಿದ್ದ ಗುಂಡಿ ಇದು, ಅವನ ಕೈಯಲ್ಲಿ ಉಳಿದ ಇನ್ನೊಂದೇ ಕಿಡಿ, ಅದಕ್ಕೆ ನನ್ನನ್ನು ಉಳಿಸಿಕೋ ಎಂದು ನಾನು ಒಳಗೇ ಒದರಿದೆ. ಅವಳ ಮನಸ್ಸೂ ಅದನ್ನೇ ಹೇಳಿತೋ ಏನೋ, ನನ್ನನ್ನು ಕೆಳಗಿಳಿಸಿದಳು.

"ಹೊಗ್ಗೊ, ಎಷ್ಟು ಸುಳ್ಳು ಹೇಳ್ತೀಯಪಾ. ತಡೆ ಇಲ್ಲ. ತಿರುಗಿಸು."

ಶ್ರೀಪಾದ ಕಾರ್ಡನ್ನು ಮುಟ್ಟಲಿಲ್ಲ. "ಇನ್ನೊಮ್ಮೆ ವಿಚಾರ ಮಾಡ್ರಿ," ಎಂದ. ಆ ಮಾತಿನಿಂದ ಅವಳ ಅನುಮಾನ ಇನ್ನೂ ಗಟ್ಟಿಯಾಯಿತು. "ತಿರುಗಿಸು ಅಂದ್ನಲ್ಲ!"

ಕಿಡಿಯೇ ಆಗಿತ್ತು.

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಇಂದುಮತಿ ನನ್ನನ್ನು ಮೇಜಿನ ಮೇಲೆ ಅಂಗಾತ ಹಾಕಿ, ಸೆರಗಿನಿಂದ ಕಣ್ಣೊತ್ತಿಕೊಂಡಳು. "ಖರೇ ಯಾಕ ಹೇಳಿದ್ಯೋ?"

"ನೀವು ಹೋಗ್ಲಿ ಅಂತ. ಬಿಟ್ಟುಕೊಡಬ್ಯಾಡ ಅಂದ್ರಿ. ಖರೇ ಹೇಳಬ್ಯಾಡ ಅಂದಿದ್ದಿಲ್ಲಲ್ಲ," ಎಂದ. ಗೆದ್ದವನ ದನಿ ಅದಾಗಿರಲಿಲ್ಲ. ನನಗೆ ನಾಚಿಕೆಯಿಂದ ಮುದುಡಿಹೋಗುವ ಹಾಗಾಯಿತು. ಅವನನ್ನು ಕಳ್ಳನೆಂದು ತಿಳಿದ ಪಾಪದಲ್ಲಿ ನನ್ನದೂ ಅರ್ಧ ಪಾಲು.

ಈಗ ನನಗೆ ವಯಸ್ಸಾಯಿತು. ಹೊಸ ಕಾರ್ಡುಗಳು ಬಂದು, ನಮ್ಮ ಪೀಳಿಗೆಯವರು ಪಂದ್ಯದಲ್ಲಿ ಆಡುವಂತಿಲ್ಲವೆಂದು ನಿಯಮವಾಗಿದೆ. ಹುಬ್ಬಳ್ಳಿಯ ಪಂದ್ಯವೂ ನಿಂತುಹೋಯಿತು. ಬಿಸ್ಕತ್ತಿನ ಡಬ್ಬಿಯಲ್ಲಿ ನನ್ನ ವಾಸ. ಭಾನುವಾರ ಮಧ್ಯಾಹ್ನ ಮಾತ್ರ ಹೊರಬರುತ್ತೇನೆ, ಅತ್ತಿಗೆ-ಮೈದುನ ಇಬ್ಬರೂ ಮನೆಯಲ್ಲಿ ಆಡುತ್ತಾರೆ. ಆಟ ಮೊದಲಿನಂತೆಯೇ ಇದೆ. ಆದರೆ ಶ್ರೀಪಾದ ಕಾರ್ಡು ಬೋರಲು ಇಟ್ಟು "ತಡೆ?" ಎಂದಷ್ಟೇ ಕೇಳುತ್ತಾನೆ. ಮುಂದೆ ತುಟಿ ಬಿಚ್ಚುವುದಿಲ್ಲ. ಇಂದುಮತಿ ನನ್ನನ್ನು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತ ಕೂರುತ್ತಾಳೆ. ಸುಳ್ಳೋ ನಿಜವೋ, ಅವನು ಏನಾದರೂ ಒಂದು ಮಾತು ಆಡಲಿ, ನಂಬಿಬಿಡೋಣ ಎಂದು ಕಾಯುತ್ತಾಳೆ.