ಎಡದ ತೊಟ್ಟಿ

ಮೈದುನ ಅತ್ತಿಗೆ ಎನ್ನುತ್ತಿದ್ದನೆಂದು ಪಂಪ್‌ಹೌಸಿನವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಊರಿನ ನೀರೆಲ್ಲ ಅವಳ ಬೆರಳ ತುದಿಯಲ್ಲಿ. ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಬಿದ್ದ ಮೇಲೆ, ಮನೆಯಿಂದಲೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಕೆಲಸ ಮಾಡಿ ಎಂದು ಆಫೀಸಿನವರು ಹೇಳಿದ್ದರು. ನೀರು ಬಿಡುವವಳೇ ನೀರಲ್ಲಿ ಜಾರಿದಳು ಎಂದು ನಗದವರಿಲ್ಲ.

ಒಂದೇ ಪರದೆಯಲ್ಲಿ ಅವಳು ಒದ್ದಾಡುವುದನ್ನು ನೋಡಲಾರದೆ ಗಂಡ ಇನ್ನೊಂದು ಮಾನಿಟರ್ ತಂದ. 'ಎಲ್ಲ ಮಾನಿಟರ್ ಬಳಸು' ಎಂಬ ಚೌಕಕ್ಕೆ ಗುರುತು ಹಾಕಿದ್ದೇ ತಡ, ಕಂಟ್ರೋಲ್ ರೂಮು ಇದ್ದ ಹಾಗೆಯೇ ಮೇಜಿನ ಮೇಲೆ ಬಂದು ಕೂತಿತು. ಎಡಕ್ಕೊಂದು ತೊಟ್ಟಿ, ಬಲಕ್ಕೊಂದು ತೊಟ್ಟಿ.

"ಈಗ ಖುಷಿನಾ?" ಅಂದ.

"ಇಷ್ಟು ದಿನ ಎಲ್ಲಿ ಹೋಗಿತ್ತು ಈ ಬುದ್ಧಿ?" ಅಂದಳು. ಅವಳ ಭಾಷೆಯಲ್ಲಿ ಅದು ಹೊಗಳಿಕೆ.

ಕಂಟ್ರೋಲ್ ರೂಮಿನವರ ಒಂದು ಕೆಟ್ಟ ರೂಢಿಯನ್ನು ಹೇಳಲೇಬೇಕು. ತೊಟ್ಟಿಗಳಿಗೆ ನಂಬರ್ ಇತ್ತು, ಪರದೆಯ ನೆತ್ತಿಯಲ್ಲಿ ಬರೆದೂ ಇತ್ತು. ಓದುವವರು ಯಾರು? ಸ್ವಂತ ಮನೆ ಬಾಗಿಲಿನ ಹೆಸರನ್ನು ಯಾರೂ ದಿನಾ ಓದಿ ಒಳಗೆ ಹೋಗುವುದಿಲ್ಲ. ಎಡದ ಪರದೆಯಲ್ಲಿ ಕಂಡದ್ದು ಎಡದ ತೊಟ್ಟಿ, ಬಲದ್ದರಲ್ಲಿ ಕಂಡದ್ದು ಬಲದ್ದು. ನೆಲದ ಮೇಲೆ ಅವು ಯಾವ ಕಡೆಗಿವೆ ಎಂಬುದು ಕುರ್ಚಿಯಲ್ಲಿ ಕೂತವರಿಗೆ ಬೇಕಿರಲಿಲ್ಲ.

ಮಧ್ಯಾಹ್ನ ಮೈದುನ ಫೋನ್ ಮಾಡಿದ. ತೊಟ್ಟಿ ತೊಳೆಯುವುದು ಅವನ ಕೆಲಸ. ಊರಿಗೆಲ್ಲ ನೀರು ಕೊಡುವ ಆ ಮನೆಯಲ್ಲಿ ಈಜು ಬಾರದವನೂ ಅವನೊಬ್ಬನೇ.

"ಅತ್ತಿಗೆ, ಎಡದ್ದು ಖಾಲಿ ಆಯ್ತು, ಇಳೀತಿದೀನಿ. ನೀವು ಬಲದ್ದಕ್ಕೆ ನೀರು ಬಿಡಿ, ಅದರಲ್ಲಿ ಅರ್ಧಾನೇ ಇದೆ."

"ಅದಕ್ಕೆ ನೀರು ಬರೋ ಪೈಪಿನ ಕೈಚಕ್ರ ತಿರುಗಿಸಿ ಮುಚ್ಚಿದೀಯೇನೋ?"

"ಅದು ತುಕ್ಕು ಹಿಡಿದು ಕೂತಿದೆ. ನೀವಿದ್ದೀರಲ್ಲ, ಚಕ್ರ ಯಾಕೆ? ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನನಗೆ ಮೈಯೆಲ್ಲ ಕೆಸರು, ಬಾಯಿಗೆ ನಿಮ್ಮ ಬೈಗುಳ."

ನಗುತ್ತಲೇ ಫೋನ್ ಇಟ್ಟಳು. ಅಷ್ಟರಲ್ಲಿ ಕನೆಕ್ಷನ್ ಹೋಯಿತು. ಎರಡೂ ಪರದೆ ಕಪ್ಪಾಗಿ ಮತ್ತೆ ಬಂದವು. ಬರುವಾಗ ಅದಲುಬದಲಾಗಿ ಬಂದವು: ಎಡದ ತೊಟ್ಟಿ ಬಲದ ಪರದೆಗೆ, ಬಲದ್ದು ಎಡಕ್ಕೆ. ಅವಳಿಗೆ ಗೊತ್ತಾಗಲಿಲ್ಲ. ಎರಡೂ ಪುಟಗಳು ಅವಳಿ ಮಕ್ಕಳ ಹಾಗಿದ್ದವು. ರೂಢಿಯ ಕೈ ಬಲದ ಪರದೆಗೆ ಹೋಗಿ 'ತೆರೆ' ಒತ್ತಿತು.

ನೀರಿನ ಮಟ್ಟ ಅರ್ಧದಿಂದ ಏರಬೇಕಿತ್ತು. ಸೊನ್ನೆಯಿಂದ ಏರತೊಡಗಿತು.

'ಮುಚ್ಚು' ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಆ ಹಳೆಯ ವಾಲ್ವ್ ಮಹಾ ಮೊಂಡ. ಒಮ್ಮೆ ಹೊರಟಿತೆಂದರೆ ಪೂರ್ತಿ ತೆರೆದುಕೊಂಡ ಮೇಲೆಯೇ ಇನ್ನೊಬ್ಬರ ಮಾತು ಕೇಳುವುದು, ಮುಚ್ಚಿಕೊಳ್ಳಲೂ ಅಷ್ಟೇ ಹೊತ್ತು. ಒಳಗೆ ನೀರು ಧುಮುಕುವುದು ಸರಿಯಾಗಿ ಏಣಿಯ ಮೇಲೆ. ಆ ರಭಸಕ್ಕೆ ಎದುರಾಗಿ ಯಾರೂ ಹತ್ತಲಾರರು. ಹೊಸಬರಿಗೆ ಇದನ್ನೆಲ್ಲ ಹೇಳಿಕೊಡುತ್ತಿದ್ದವಳು ಅವಳೇ.

ಅವಳ ಕೂಗಿಗೆ ಓಡಿಬಂದ ಗಂಡ ಗಾಡಿ ಹತ್ತಿ ಪಂಪ್‌ಹೌಸಿಗೆ ಹೊರಟ. ಏಳಲಾರದೆ ಕೂತಲ್ಲಿಂದಲೇ ಅವಳು ಮೈದುನನಿಗೆ ಫೋನ್ ಹಚ್ಚಿದಳು. ಎತ್ತಿದವನು ಗೇಟಿನ ಕಾವಲುಗಾರ.

"ಅವ್ರ ಅಂಗಿ ತಂತಿ ಮೇಲಿದೆ ಅತ್ತಿಗೆ, ಜೇಬಲ್ಲಿ ಫೋನು ಹೊಡ್ಕೋತಿತ್ತು..."

"ಎಡದ ತೊಟ್ಟೀಲಿದಾನೆ! ನೀರು ತುಂಬ್ತಿದೆ! ಹಗ್ಗ ಎಸೀರಿ, ಓಡಿ!"

ಅವನು ಓಡಿದ. ಪಾಪ, ಒಳ್ಳೆಯ ಮನುಷ್ಯ, ಒಂದು ಪ್ರಶ್ನೆ ಕೇಳಲಿಲ್ಲ. ಭೋರ್ಗರೆತದ ನಡುವೆ ಅವನ ಏದುಸಿರು ಅವಳಿಗೆ ಕೇಳಿಸುತ್ತಿತ್ತು.

"ಎಸೆದೆ ಅತ್ತಿಗೆ! ಯಾರೂ ಹಿಡೀತಿಲ್ಲ. ಇಲ್ಲಿ ಯಾರೂ ಕಾಣ್ತಿಲ್ಲ. ಅರ್ಧ ತೊಟ್ಟಿ ನೀರು ಸುಮ್ನೆ ನಿಂತಿದೆ."

ಕಾವಲುಗಾರ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಎಂದೂ ಕೂತವನಲ್ಲ. ಅವನದು ಗೇಟಿಗೆ ಬೆನ್ನು ಮಾಡಿ ನಿಂತವನ ಎಡ; ಕುರ್ಚಿಯವರಿಗೆ ಅದು ಬಲದ ತೊಟ್ಟಿ.

"ಅದಲ್ಲ, ಇನ್ನೊಂದು! ಇನ್ನೊಂದು!" ಎಂದು ಅವಳು ಕಿರುಚಿದಳು.

ಅವನು ಒದ್ದೆ ಹಗ್ಗವನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದ. ಬಲದ ಪರದೆಯಲ್ಲಿ ನೀರು ಆಳೆತ್ತರ ದಾಟಿತು.