ಹಾಡು ಮುಗಿದ ಮೇಲಿನ ನಾಲ್ಕು ಉಸಿರು

"ಅವನಿಗೆ ಗೇಟಿಂದ ಕೈ ತೆಗೆಯೋಕೆ ಹೇಳು," ಎಂದಳು ತಾಯಿ. ಮಗಳು ಬಾಗಿ, ಮಲಗಿಸಿದ್ದ ಅಪ್ಪನ ಎದೆಯ ಮೇಲೆ ಅವನ ಹೆಡ್‌ಫೋನನ್ನು ಇಡುತ್ತಿದ್ದಳು.

"ಮಾವ ಬೆಳಗ್ಗಿಂದ ಬಿಸಿಲಲ್ಲೇ ನಿಂತಿದಾನಮ್ಮ. ಇವತ್ತೂ ಬೇಡ್ವಾ?"

"ಒಂಬತ್ತು ವರ್ಷ ಬೇಡವಾದೋನು ಇವತ್ತು ಯಾಕೆ?"

ಗೇಟಿನಾಚೆ ತಾಯಿಯ ತಮ್ಮ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ನಿಂತಿದ್ದ.

ಸತ್ತವನನ್ನು ಬೀದಿಯೆಲ್ಲ ಕಿವಿಯಣ್ಣ ಎನ್ನುತ್ತಿತ್ತು. ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆ ಬಡಿದು, ಒಂದು ಕಂಪ್ಯೂಟರು, ಎರಡು ಸ್ಪೀಕರು ಇಟ್ಟುಕೊಂಡು, ಹಾಡುವವರ ಹಾಡುಗಳನ್ನು ಹದ ಮಾಡಿ ಕೊಡುತ್ತಿದ್ದ.

"ನಮ್ಮನೆ ಮಿಕ್ಸಿ ತಿರುಗಿದ್ರೆ ಸಾಕು, ಗೋಡೆ ಬಡೀತಿದ್ದ," ಎಂದಳು ಪಕ್ಕದ ಮನೆಯವಳು, ಕಣ್ಣೊರೆಸಿಕೊಳ್ಳುತ್ತ.

"ನಾನು ಅಳತೆ ತಗೋವಾಗ, ಟೇಪು ಸದ್ದು ಮಾಡ್ತಿದೆ ಕಣಯ್ಯ ಅಂದಿದ್ದ," ಎಂದ ಟೈಲರ್. ಯಾರೋ ನಕ್ಕು, ನಕ್ಕಿದ್ದಕ್ಕೆ ತಲೆ ತಗ್ಗಿಸಿದರು.

*

ಒಂಬತ್ತು ವರ್ಷದ ಹಿಂದೆ ಆ ಗೇಟು ಮುಚ್ಚಿಸಿದ್ದು ಒಂದು ಹಾಡು. ಅದನ್ನು ಹಾಡಿದ್ದು ಅವನ ಹೆಂಡತಿ. ದೇವರ ಹಾಡು. ಮೂರನೆಯ ಚರಣಕ್ಕೆ ಮೊದಲು ಅವಳು ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಕೇಳುವವರೂ ತಮಗರಿಯದೆ ಎಳೆದುಕೊಳ್ಳುತ್ತಿದ್ದರು.

ಎಲ್ಲ ಕೆಲಸ ಮುಗಿದ ಮೇಲೆ ಅವನದೊಂದು ಪದ್ಧತಿ. ಬಾಗಿಲು ಹಾಕಿ, ಮೈಕು ತೆರೆದು, ನಾಲ್ಕು ಉಸಿರಿನಷ್ಟು ಹೊತ್ತು ಬರಿಯ ಕೋಣೆಯ ಮೌನವನ್ನು ಹಿಡಿದು ಹಾಡಿನ ಕೊನೆಗೆ ಹೊಲಿಯುತ್ತಿದ್ದ. "ಹಾಡಿಂದ ಇಳಿಯೋಕೆ ಒಂದು ಮೆಟ್ಟಿಲು ಬೇಕಲ್ಲ," ಎನ್ನುತ್ತಿದ್ದ. ಈ ಹಾಡು ಮುಗಿದ ದಿನ ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡ. ಇಬ್ಬರೂ ಕೈ ಹಿಡಿದು, ಪಿಟ್ಟೆನ್ನದೆ ಕೂತರು.

ಹಾಡುಗಳನ್ನು ಹೊರತರುವ ಕಂಪನಿಗೆ ಅದನ್ನು ಒಯ್ದವನು ಅವಳ ತಮ್ಮ. ಬೇರೆ ಹಾಡುಗಳ ಮುಂದೆ ಇದು ಕೇಳಿಸುವುದೇ ಇಲ್ಲ, ಜೋರು ಮಾಡಿ ಎಂದು ಅವರು ಹೇಳಿ ಕಳಿಸಿದರು.

"ದೇವರಿಗೇನು ಕಿವಿ ಮಂದವಾ? ಜೋರು ಮಾಡಿದ್ರೆ ನಾನಿನ್ನು ಬಾಯಿ ತೆಗೆಯಲ್ಲ."

"ನನ್ನ ಕೈಯಿಂದ ಅಂಥ ಕೆಲಸ ಆಗುತ್ತೇನೇ?" ಎಂದಿದ್ದ ಗಂಡ, ಅವಳ ತಲೆ ಸವರಿ.

ಜೋರು ಮಾಡುವುದೆಂದರೆ ಹಾಡಿನ ತಗ್ಗುಗಳನ್ನೆಲ್ಲ ದಿಬ್ಬದ ಮಟ್ಟಕ್ಕೆ ಎತ್ತುವುದು. ತಗ್ಗಿನಲ್ಲಿ ಅಡಗಿದ್ದ ಸಣ್ಣ ಸದ್ದೂ ಆಗ ಎದ್ದು ಕೂರುತ್ತದೆ. ಎರಡು ತಿಂಗಳ ಮೇಲೆ ಅಂಗಡಿಯೊಂದರಲ್ಲಿ ಅವಳು ತನ್ನ ಹಾಡು ಕೇಳಿದಳು. ಆ ಉಸಿರು ಗರಗಸದಂತೆ ಎಳೆಯಿತು. ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

"ನಿನ್ನ ತಮ್ಮ ಬೇರೆ ಯಾರ ಹತ್ರವೋ ಮಾಡಿಸಿಬಿಟ್ಟಿದಾನೆ," ಎಂದ ಗಂಡ, ನೆಲ ನೋಡುತ್ತ.

ಅಂದು ತಮ್ಮನಿಗೆ ಮುಚ್ಚಿದ ಗೇಟು ಮತ್ತೆ ತೆರೆಯಲಿಲ್ಲ. ಅವಳೂ ಹಾಡಲಿಲ್ಲ. ಆ ಹಾಡು ಎಲ್ಲಿ ಕೇಳಿದರೂ ಮೂರನೆಯ ಚರಣದೊಳಗೆ ಅಲ್ಲಿಂದ ಎದ್ದುಬಿಡುತ್ತಿದ್ದಳು.

*

ಈಗ ಟೈಲರ್ ತನ್ನ ಅಂಗಡಿಯ ಸ್ಪೀಕರ್ ತಂದು ಆ ಹಾಡನ್ನೇ ಹಚ್ಚಿದ, ಭಕ್ತಿಯಿಂದಲೇ. ಅವಳು ಏಳಹೋದಳು. ಸುತ್ತ ಹೆಂಗಸರು ಒತ್ತಿ ಕೂತಿದ್ದರು, ದಾರಿಯಿರಲಿಲ್ಲ. ಗರಗಸ ಎಳೆಯಿತು. ಹಾಡು ಮುಗಿಯಿತು.

ಒಂದು ಉಸಿರು. ಎರಡು. ಮೂರನೆಯದರಲ್ಲಿ, ಮುಚ್ಚಿದ ಬಾಗಿಲಿನಾಚೆಯಿಂದ ಒಂದು ಹೆಣ್ಣುದನಿ: "ರೀ, ಎಷ್ಟೊತ್ತು? ಊಟಕ್ಕೆ ಬನ್ನಿ."

ಅವಳದೇ ದನಿ.

"ಇದು ಯಾವಾಗ್ಲೂ ಇರೋದೇ ಅತ್ತಿಗೆ," ಎಂದ ಟೈಲರ್. "ಹಾಡಿನ ಕೊನೇಲಿ ನೀವು ಊಟಕ್ಕೆ ಕರೆದ್ರೆ ನಮ್ಮಂಗಡೀಲಿ ಮಿಷನ್ ನಿಲ್ಲಿಸಿ ಏಳ್ತೀವಿ. ನಿಮ್ಮ ಮುಂದೆ ಮಾತ್ರ ಈ ಹಾಡಿನ ಸುದ್ದಿ ಎತ್ತಬೇಡಿ ಅಂದಿದ್ದ ಕಿವಿಯಣ್ಣ."

ಕೈ ಹಿಡಿದು ಕೂತ ದಿನ ಅವಳು ಬಾಗಿಲೊಳಗಿದ್ದಳು. ಇದು ಬೇರೆ ದಿನದ ಮೌನ. ಅದೇ ಕೋಣೆಯಲ್ಲಿ ಅವನೊಬ್ಬನೇ ಕೂತು ಹೊಲಿದದ್ದು. ಅಳತೆ ಟೇಪಿನ ಸದ್ದು ಕೇಳುವ ಕಿವಿಗೆ ಈ ಕರೆ ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಕೇಳಿಯೂ ಅದನ್ನು ಅಳಿಸದೆ ಹಾಗೇ ಉಳಿಸಿದ್ದ.

ಅವಳು ಹೆಂಗಸರನ್ನು ಸರಿಸಿ ಗೇಟಿನ ಬಳಿ ಬಂದಳು.

"ನಿಂಗೆ ಗೊತ್ತಿತ್ತಾ?"

"ಹೂಂ, ಅಕ್ಕ. ಜೋರು ಮಾಡಿ ಭಾವನೇ ನನ್ನ ಕೈಲಿ ಕಳಿಸಿದ್ದು. ನಿನ್ನ ಹೆಸರು ಹೇಳ್ತೀನಿ ಕಣೋ, ತಮ್ಮನ ಮೇಲಿನ ಸಿಟ್ಟು ಎಷ್ಟು ದಿನ ಇರುತ್ತೆ ಅಂದ್ರು. ನಾನೂ ಹಾಗೇ ಅಂದ್ಕೊಂಡೆ."

"ಒಂಬತ್ತು ವರ್ಷ!"

"ನನ್ನ ಮೇಲಿದ್ರೆ ಸಿಟ್ಟು ಗೇಟಿನ ಹೊರಗಿರುತ್ತೆ. ಭಾವನ ಮೇಲಾದ್ರೆ ಮನೆಯೊಳಗೇ ಇರುತ್ತಲ್ಲ, ಅಕ್ಕ."

"ಇಬ್ಬರೂ ಸೇರಿ ಚೆನ್ನಾಗಿ ಹಂಚ್ಕೊಂಡ್ರಿ. ನನ್ನನ್ನ ಒಂದು ಮಾತು ಕೇಳಲಿಲ್ಲ."

ಅವಳು ಚಿಲಕ ತೆಗೆದಳು. ಅವನ ಮುಖ ನೋಡಲಿಲ್ಲ.

"ಬಾ. ಹೆಗಲು ಕೊಡು."

ನಾಲ್ವರು ಬಗ್ಗಿದರು. "ಒಂದ್ನಿಮಿಷ," ಎಂದು ಅವಳು ಗಂಡನ ಎದೆಯ ಮೇಲಿನ ಹೆಡ್‌ಫೋನನ್ನು ತೆಗೆದುಕೊಂಡಳು. ಹೆಣ ಎತ್ತಿದಾಗ ಮಗಳು ಚೀರಿದಳು, ಬೀದಿಯೇ ಗೋಳಿಟ್ಟಿತು. ತಾಯಿ ಹೆಡ್‌ಫೋನನ್ನು ತಲೆಗೇರಿಸಿ ಎರಡೂ ಕಿವಿಗೆ ಒತ್ತಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲಿಗೂ ಸಿಕ್ಕಿಸದ ಅದರ ವೈರು ಅವಳ ಮೊಣಕಾಲಿನ ಹತ್ತಿರ ತೂಗಾಡುತ್ತಿತ್ತು.