ಪ್ರಭುದೇವ ಟ್ಯಾಪೆಟ್ ಆರಿಸಿದ್ದು

ಗಿರಾಕಿ ತಿರುಮಲೇಶನ ಹಳೇ ಅಮೆರಿಕನ್ ಕಾರಿಗೆ ಯಾವ ಟ್ಯಾಪೆಟ್ ಹಾಕಬೇಕು ಎಂಬ ಒಂದೇ ಮಾತಿಗೆ ಚೆನ್ನೈಯ ಗಿಂಡಿಯಲ್ಲಿದ್ದ ರಿಪೇರಿ ಶೆಡ್ಡಿನಲ್ಲಿ ಗಂಡ ಹೆಂಡತಿ ಹಾವು ಮುಂಗುಸಿ ಆಗಿದ್ದರು. ಟ್ಯಾಪೆಟ್ ಎಂದರೆ ಎಂಜಿನ್ನಿನ ವಾಲ್ವನ್ನು ಎತ್ತಿಕೊಡುವ ಉಕ್ಕಿನ ತುಂಡು. ಸಾಲಿಡ್ ಬಗೆಯದು ಹಾಕಿದರೆ ಗಾಡಿ ಕುದುರೆಯಂತೆ ಓಡುತ್ತದೆ, ಆದರೆ ಅದರ ಸಂದನ್ನು ಆಗಾಗ ಸರಿಮಾಡುತ್ತಿರಬೇಕು. ಹೈಡ್ರಾಲಿಕ್ ಆದರೆ ಎಣ್ಣೆಯ ಒತ್ತಡದಲ್ಲಿ ತನ್ನಷ್ಟಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಓಟ ಮಾತ್ರ ಸ್ವಲ್ಪ ಕಡಿಮೆ.

"ಸಾಲಿಡ್ಡೇ ಹಾಕೋಣ. ಸಂದು ಹಿಡಿಯಾಕ ನಾ ಇಲ್ಲೇನು?" ಎಂದ ಪ್ರಭುದೇವ.

"ರೀ, ಅವ್ರು ಇದ್ರಾಗ ತಾಯೀನ್ನ ಗುಡಿಗೆ ಕರಕೊಂಡು ಹೋಗೋರು. ಹೈಡ್ರಾಲಿಕ್ ಸಾಕು" ಎಂದಳು ಜ್ಯೋತಿ.

"ನಿನಗೇನು ತಿಳೀತದ, ಸುಮ್ಮನಿರು."

ಎಂಜಿನ್ ಓಡುತ್ತಿರುವಾಗಲೇ ಅದರ ಟಕಟಕ ಕೇಳಿ ನಟ್ಟು ತಿರುಗಿಸಿ ಸಂದು ಸರಿಮಾಡುವುದು ಪ್ರಭುದೇವನ ಪದ್ಧತಿ. ಸಂದು ಅಳೆಯುವ ಗೇಜು ಮುಟ್ಟುವುದೆಂದರೆ ಅವನಿಗೆ ಅವಮಾನ. ಆ ಕಿವಿಯನ್ನು ನಂಬಿ ದೂರದ ರಾಯಪುರಂನಿಂದಲೂ ಗಾಡಿಗಳು ಬರುತ್ತಿದ್ದವು. ಕಿವಿಯೇ ಇಲ್ಲವೆಂದರೆ ಊರು ಬಿಟ್ಟು ಬಂದು ಈ ಚೆನ್ನೈಯಲ್ಲಿ ಅವನು ಗಳಿಸಿದ್ದೇನು ಉಳಿಯಿತು, ಹೇಳಿ.

"ಬಾ ತಮ್ಮಾ, ತೋರಸ್ತೀನಿ" ಎಂದು ತಿರುಮಲೇಶನನ್ನು ಕರೆದು, ಅಂಗಳದಲ್ಲಿದ್ದ ಇನ್ನೊಂದು ಸಾಲಿಡ್ ಗಾಡಿಯನ್ನು ಸ್ಟಾರ್ಟ್ ಮಾಡಿ, ಮೇಲಿನ ಮುಚ್ಚಳ ತೆಗೆದು, ಬಗ್ಗಿ ಒಂದೊಂದೇ ನಟ್ಟು ತಿರುಗಿಸಿದ. ಬೆನ್ನು ನೆಟ್ಟಗೆ ಮಾಡಿಕೊಂಡು ನಕ್ಕ. "ಕೇಳು. ಬೆಣ್ಣಿ ಹಂಗ ಅದ!"

ತಿರುಮಲೇಶ ಜ್ಯೋತಿಯ ಮುಖ ನೋಡಿದ. "ಸೂಪರ್ ಅಣ್ಣಾ" ಎಂದ.

ಮದುವೆಮನೆಯಲ್ಲಿ ಉಪ್ಪಿಲ್ಲದ ಸಾರನ್ನು ಹೊಗಳುವವರ ಮುಖ ಹೇಗಿರುತ್ತದೆಂದು ಪ್ರಭುದೇವನಿಗೆ ಗೊತ್ತಿಲ್ಲದ್ದೇನಲ್ಲ. ಅವನೂ ಹೆಂಡತಿಯ ಕಡೆ ತಿರುಗಿದ.

ಜ್ಯೋತಿ ಹತ್ತಿರ ಬಂದು ಗಾಡಿಯ ಅಂಚಿನ ಮೇಲೆ ಬೆರಳಿಟ್ಟು ಬಡಿಯತೊಡಗಿದಳು, ಟಕಟಕ ಟಕಟಕ, ಅವನಿಗೆ ಕೇಳದಿದ್ದ ಸದ್ದನ್ನು ಅವನ ಕಣ್ಣೆದುರಿಗೇ. ಅವನು ಮತ್ತೆ ಸ್ಪ್ಯಾನರ್ ಹಿಡಿದ. ಬೆರಳು ನೋಡುತ್ತಾ ಒಂದು ನಟ್ಟು ತಿರುಗಿಸಿದ, ಇನ್ನೊಂದು ತಿರುಗಿಸಿದ. ಬಡಿತ ಮೆತ್ತಗಾಯಿತು, ಆಮೇಲೆ ಬೆರಳು ನಿಂತಿತು.

ಅವನು ಎಂಜಿನ್ ಆರಿಸಿದ.

"ಯಾವಾಗಿಂದ?"

"ದೀಪಾವಳಿಗಿಂತ ಮೊದಲಿಂದ್ರೀ" ಎಂದಳು ಜ್ಯೋತಿ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ.

"ಮತ್ತ ಅಷ್ಟೂ ಗಾಡಿ? ಒಬ್ರೂ ವಾಪಸ್ ಬರಲಿಲ್ಲಲ್ಲ?"

"ನೀವು ಉಂಡು ಮಲಗಿದಾಗ ನಾ ಗೇಜ್ ಹಾಕಿ ಸರಿ ಮಾಡ್ತಿದ್ದೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇಷ್ಟು ದಿನ ಅವಳು ನಡೆಸಿದ ಸಂಸಾರ ಇದು. ಪ್ರಭುದೇವನಿಗೆ ಸಿಟ್ಟು ಬರಬೇಕಿತ್ತು. ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ ಅವನು. ಆದರೆ ಅವನ ಕಣ್ಣು ಅವಳ ಉಗುರಿನ ಸಂದಿಗೆ ಹೋಯಿತು. ಅಲ್ಲಿ ಗ್ರೀಸು ಕಪ್ಪಾಗಿ ಕೂತಿತ್ತು. ಊಟ ಬಿಟ್ಟು ಬಿಸಿ ಎಂಜಿನ್ನಿನ ಮೇಲೆ ಬಗ್ಗಿದ್ದಳಲ್ಲ ಇವಳು, ತಾನು ಗೊರಕೆ ಹೊಡೆಯುತ್ತಿದ್ದಾಗ! ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಬಂತು.

"ತಿರುಮಲೇಶಾ," ಎಂದ, "ಹೈಡ್ರಾಲಿಕ್ ಹಾಕೋಣಪ್ಪಾ. ನನಗ ಕಿವಿ ಕೇಳಸಂಗಿಲ್ಲ."

ಹೇಳಿದ್ದು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಲೇತ್ ಶಾಪಿನವರೂ ಕೆಲಸ ನಿಲ್ಲಿಸಿ ನೋಡಿದರು. ಮೆಲ್ಲಗೆ ಮಾತಾಡ್ರೀ ಎಂದು ಜ್ಯೋತಿ ಹೇಳಲಿಲ್ಲ.